ಊರ ಉಸಾಬರಿ ಹೊತ್ತವರು

"ನಿನಗ್ಯಾಕೆ ಊರ ಉಸಾಬರಿ?"

ಈ ಮಾತು ಕೇಳಿಸಿಕೊಳ್ಳದೆ ಬೀದಿಯ ಕೆಲಸ ಮಾಡಿದವರನ್ನು ನಾನಿನ್ನೂ ಕಂಡಿಲ್ಲ. ಮೊದಲು ಮನೆಯವರು ಕೇಳುತ್ತಾರೆ. ಆಮೇಲೆ ನೆಂಟರು. ಕೊನೆಗೆ ಯಾರಿಗಾಗಿ ಓಡಾಡುತ್ತಿದ್ದಾರೋ ಆ ನೆರೆಮನೆಯವರೇ ಕೇಳುತ್ತಾರೆ, ಸ್ವಲ್ಪ ಅನುಮಾನವನ್ನೂ ಬೆರೆಸಿ. ಉಸಾಬರಿ ಅನ್ನುವ ಪದಕ್ಕೆ ನಾವು ಅಂಟಿಸಿಟ್ಟಿರುವ ತಾತ್ಸಾರ ನನ್ನನ್ನು ಬಹಳ ವರ್ಷಗಳಿಂದ ಕಾಡುತ್ತಿದೆ. ಕೆಟ್ಟುಹೋದ ಬೀದಿದೀಪಕ್ಕೆ ದೂರು ಬರೆಯುವುದು ಉಸಾಬರಿ. ಒಂಟಿಯಾಗಿರುವ ಮುದುಕರ ಬಾಗಿಲು ಎರಡು ದಿನದಿಂದ ತೆರೆದಿಲ್ಲ ಅಂತ ಗಮನಿಸುವುದು ಉಸಾಬರಿ. ಪಾಳುಬಿದ್ದ ಜಾಗವನ್ನು ಮಕ್ಕಳ ಆಟಕ್ಕೆ ಬಿಡಿಸಿಕೊಳ್ಳಲು ಒಂದೇ ಕಚೇರಿಗೆ ಹದಿನೇಳು ಸಲ ಹೋಗಿಬರುವುದೂ ಉಸಾಬರಿಯೇ. ನಾವು ನಡೆದಾಡುವ ಪ್ರತಿಯೊಂದು ಒಳ್ಳೆಯ ಬೀದಿಯ ಹಿಂದೆ ಯಾರೋ ಒಬ್ಬರು ಹೀಗೆ ಹೊತ್ತ ಉಸಾಬರಿ ಇದೆ. ಅವರ ಬಗ್ಗೆ ಇವತ್ತು ಮನಸ್ಸು ಬಿಚ್ಚಿ ಬರೆಯಬೇಕು ಅನ್ನಿಸಿದೆ. ಉದ್ದವಾಗುತ್ತದೆ, ಬಿಡುವಿದ್ದಾಗ ಓದಿ.

ನಮ್ಮ ಬೀದಿಯ ಸಂಘದ ಖಜಾಂಚಿ ಒಬ್ಬ ಹಿರಿಯಾಕೆ. ಹೆಸರು ಬರೆಯಬೇಡ ಅಂದಿದ್ದಾರೆ, ಬರೆಯುವುದಿಲ್ಲ. ಒಂಬತ್ತು ವರ್ಷಗಳಿಂದ ಪ್ರತಿ ತಿಂಗಳ ಮೊದಲ ವಾರ ಮನೆಮನೆಗೆ ಹೋಗಿ ಚಂದಾ ಎತ್ತುತ್ತಾರೆ, ರಸೀದಿ ಹರಿದು ಕೊಡುತ್ತಾರೆ, ರಾತ್ರಿ ಕೂತು ಲೆಕ್ಕ ಬರೆಯುತ್ತಾರೆ. ಮೂರು ವರ್ಷದ ಹಿಂದಿನ ವಾರ್ಷಿಕ ಸಭೆಯಲ್ಲಿ, ಅದಕ್ಕೆ ಮೊದಲು ಒಂದು ಸಭೆಗೂ ಬಾರದಿದ್ದ ಒಬ್ಬರು ಎದ್ದು ನಿಂತು, "ದುಡ್ಡೆಲ್ಲ ಎಲ್ಲಿ ಹೋಗುತ್ತೆ ಅಂತ ಯಾರಿಗೆ ಗೊತ್ತು?" ಅಂದರು. ಆಕೆ ಮರುಮಾತಾಡಲಿಲ್ಲ. ಚೀಲದಿಂದ ನಾಲ್ಕು ಲೆಕ್ಕದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಒಬ್ಬರೂ ತೆರೆದು ನೋಡಲಿಲ್ಲ. ಕೇಳಿದವರು ಕೂಡ. ಸಭೆ ಮುಗಿದು ಜನ ಚದುರಿದ ಮೇಲೆ ಆಕೆ ಒಬ್ಬರೇ ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸುತ್ತಿದ್ದುದನ್ನು ಬಾಗಿಲಲ್ಲಿ ನಿಂತು ನೋಡಿದೆ. ಆ ಸಭೆಯಲ್ಲಿ ನಾನೂ ಬಾಯಿ ತೆರೆದಿರಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

"ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು" ಅಂತ ಗಾದೆ. ಯಾರೋ ಹಿರಿಯರು ನೊಂದು ಆಡಿದ ಮಾತೇ ಇರಬೇಕು. ಹೆಣದ ವಿಷಯದಲ್ಲಿ ನಾವೇನೂ ಮಾಡಲಾಗದು. ಊರಾದರೂ ಅರಿಯುವುದನ್ನು ಕಲಿಯಬಹುದಲ್ಲ?

ಜೇನ್ ಆಡಮ್ಸ್ ಹೆಸರನ್ನು ಸಮಾಜಕಾರ್ಯ ಓದಿದವರೆಲ್ಲ ಕೇಳಿರುತ್ತಾರೆ. ಎಲೆನ್ ಗೇಟ್ಸ್ ಸ್ಟಾರ್ ಎಂಬ ಗೆಳತಿಯ ಜೊತೆ 1889ರಲ್ಲಿ ಶಿಕಾಗೊ ನಗರದ ವಲಸಿಗರ ಬಡ ಕೇರಿಯೊಂದರಲ್ಲಿ 'ಹಲ್ ಹೌಸ್' ಎಂಬ ನೆರೆಹೊರೆಯ ಸೇವಾಕೇಂದ್ರ ಶುರುಮಾಡಿದವರು. 1931ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅವರ ಬದುಕಿನಲ್ಲಿ ನನಗೆ ತೀರಾ ಇಷ್ಟವಾದ ಘಟ್ಟ ಅದಕ್ಕಿಂತ 36 ವರ್ಷ ಹಿಂದಿನದು. ಕೇರಿಯ ಕಸ ಸರಿಯಾಗಿ ಎತ್ತುತ್ತಿಲ್ಲ ಎಂದು ಹೋರಾಡಿ, 1895ರಲ್ಲಿ ಆ ವಾರ್ಡಿನ ಕಸದ ಇನ್‌ಸ್ಪೆಕ್ಟರ್ ಹುದ್ದೆಗೆ ತಾವೇ ನೇಮಕವಾದರು. ಬೆಳಗಿನ ಜಾವ ಎದ್ದು ಕಸದ ಗಾಡಿಗಳ ಹಿಂದೆ ಹೋಗುವುದು, ಗಾಡಿ ಎಲ್ಲಿ ಖಾಲಿಯಾಗುತ್ತದೆ ಅಂತ ನೋಡುವುದು, ಕಸದ ಡಬ್ಬಿ ಇಡದ ಮನೆಮಾಲೀಕರನ್ನು ಹಿಡಿದು ಕೇಳುವುದು. ಒಂದು ಕಿರುಬೀದಿಯಲ್ಲಿ ಕೊಳೆ ಕೆರೆದು ತೆಗೆಸಿದಾಗ 18 ಅಂಗುಲ ಕೆಳಗೆ ಕಲ್ಲುಹಾಸು ಸಿಕ್ಕಿತಂತೆ. ಅಂಥದ್ದೊಂದು ಹಾಸು ಅಲ್ಲಿ ಹಾಕಿದ್ದರು ಎಂಬ ದಾಖಲೆ ಆಮೇಲೆ ನಗರದ ಕಡತದಲ್ಲೂ ಸಿಕ್ಕಿತು. ರಸ್ತೆ ಇತ್ತು, ಕಾಗದದಲ್ಲೂ ಇತ್ತು, ಕೆರೆದು ನೋಡುವವರು ಮಾತ್ರ ಇರಲಿಲ್ಲ. ಬೀದಿ ಸುಧಾರಣೆಯ ಕೆಲಸ ಹೆಚ್ಚೂಕಡಿಮೆ ಇಷ್ಟೇ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಇದನ್ನು ಯಾಕೆ ಹೇಳಿದೆ ಅಂದರೆ, ಇಂಥ ಕೆಲಸ ಮಾಡುವವರನ್ನು ನಾವು ಹೊಗಳುವಾಗ "ಒಳ್ಳೆಯ ಮನಸ್ಸು", "ನಿಸ್ವಾರ್ಥ ಸೇವೆ" ಅಂತ ಹೇಳಿ ಮುಗಿಸಿಬಿಡುತ್ತೇವೆ. ಒಳ್ಳೆಯ ಮನಸ್ಸು ಬಹಳ ಜನಕ್ಕಿದೆ. ಇವರ ಹತ್ತಿರ ಇರುವುದು ಕಸುಬು. ಯಾವ ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ಯಾರಿಬ್ಬರನ್ನು ಒಂದೇ ಸಮಿತಿಗೆ ಹಾಕಬಾರದು, ಅರ್ಜಿಯನ್ನು ಯಾವ ಮೇಜಿಗೆ ಕೊಟ್ಟರೆ ಮುಂದೆ ಹೋಗುತ್ತದೆ, ಸಭೆಯನ್ನು ಎಷ್ಟು ಹೊತ್ತಿಗೆ ಕರೆದರೆ ಹೆಂಗಸರು ಬರಲು ಆಗುತ್ತದೆ, ಜಗಳ ಹತ್ತಿಕೊಂಡಾಗ ಯಾವ ಮಾತನ್ನು ಮುಂದಿನ ವಾರಕ್ಕೆ ಎತ್ತಿಡಬೇಕು. ಯಾವ ಕಾಲೇಜಿನ ಪಾಠದಲ್ಲೂ ಇದು ಪೂರ್ತಿ ಸಿಗುವುದಿಲ್ಲ. ವರ್ಷಗಟ್ಟಲೆ ಬಾಗಿಲು ತಟ್ಟಿ ಗಳಿಸಿದ ವಿದ್ಯೆ ಅದು. ಬಡಗಿಯ ಕೈಚಳಕಕ್ಕೆ ಕೊಡುವ ಮರ್ಯಾದೆಯನ್ನು ಈ ಕಸುಬಿಗೂ ಕೊಡಬೇಕು ಅನ್ನುವುದೇ ನನ್ನ ವಾದ.

ಕರಾಚಿಯ ಓರಂಗಿ ಬಡಾವಣೆಯ ಕಥೆ ಈ ಕಸುಬಿನ ದೊಡ್ಡ ಪಾಠ. 1980ರಲ್ಲಿ ಅಖ್ತರ್ ಹಮೀದ್ ಖಾನ್ ಎಂಬ ಸಮಾಜ ಕಾರ್ಯಕರ್ತರು ಅಲ್ಲಿಗೆ ಬಂದಾಗ ಲಕ್ಷಾಂತರ ಜನ ಚರಂಡಿಯೇ ಇಲ್ಲದ ಓಣಿಗಳಲ್ಲಿ ಬದುಕುತ್ತಿದ್ದರು. ಅವರು ಬಂದ ತಕ್ಷಣ ಯಾವ ಯೋಜನೆಯನ್ನೂ ಘೋಷಿಸಲಿಲ್ಲ. ತಿಂಗಳುಗಟ್ಟಲೆ ಓಣಿ ಓಣಿ ಸುತ್ತಿ ಜನರ ಜೊತೆ ಮಾತಾಡಿದರು. ನಿಮ್ಮ ಓಣಿಯ ಒಳಚರಂಡಿಯನ್ನು ನೀವೇ ದುಡ್ಡು ಹಾಕಿ ಕಟ್ಟಿಕೊಳ್ಳಿ, ತಾಂತ್ರಿಕ ಸಹಾಯ ನಾವು ಕೊಡುತ್ತೇವೆ, ದೊಡ್ಡ ಕಾಲುವೆಯನ್ನು ಸರ್ಕಾರ ಕಟ್ಟಲಿ ಎಂಬ ಸೂತ್ರ ಆ ಮಾತುಕತೆಗಳಿಂದ ಹೊರಟಿತು. 20–30 ಮನೆಗಳ ಒಂದೊಂದು ಓಣಿಯೇ ಒಂದು ಘಟಕ. ಓಣಿಯವರೇ ತಮ್ಮಲ್ಲೊಬ್ಬರನ್ನು ಮುಖಂಡರನ್ನಾಗಿ ಆರಿಸಬೇಕು. ಆ ಮುಖಂಡರು ಪ್ರತಿ ಮನೆಯ ಪಾಲು ಎತ್ತಬೇಕು, ಕೊಳವೆ ತರಿಸಬೇಕು, ಅಗೆತ ನೋಡಿಕೊಳ್ಳಬೇಕು.

ಖಾನ್ ಅವರ ಹೆಸರು ಜಗತ್ತಿಗೆ ಗೊತ್ತು. ನಾನು ಯೋಚಿಸುವುದು ಆ ಓಣಿ ಮುಖಂಡರ ಬಗ್ಗೆ. "ಇದು ಸರ್ಕಾರದ ಕೆಲಸ, ನಾನ್ಯಾಕೆ ದುಡ್ಡು ಕೊಡಲಿ" ಅಂದವರ ಮನೆಗೆ ಮತ್ತೆ ಮತ್ತೆ ಹೋದವರು ಅವರು. ಒಂದು ಮನೆ ಒಪ್ಪದಿದ್ದರೆ ಇಡೀ ಓಣಿಯ ಕೊಳವೆ ಅಲ್ಲೇ ನಿಲ್ಲುತ್ತಿತ್ತು. ಆ ಕೊನೆಯ ಮನೆಯನ್ನು ಒಪ್ಪಿಸಿದವರ ಹೆಸರು ಯಾವ ಪುಸ್ತಕದಲ್ಲಿದೆ? ಅದೇ ಓರಂಗಿಯಲ್ಲಿ ದಶಕಗಳ ಕಾಲ ದುಡಿದ ವಾಸ್ತುಶಿಲ್ಪಿ ಪರ್ವೀನ್ ರಹಮಾನ್, ಸ್ಥಳೀಯ ಹುಡುಗರಿಗೆ ಅಳತೆ ಮಾಡಿ ನಕ್ಷೆ ಬಿಡಿಸುವುದನ್ನು ಕಲಿಸಿದರು. ಬಡವರು ವಾಸಿಸುವ ನೆಲ ಯಾವುದು, ಅದರ ಗಡಿ ಎಲ್ಲಿ ಅಂತ ಕಾಗದದ ಮೇಲೆ ತಂದರು. 2013ರ ಮಾರ್ಚ್ 13ರಂದು ಅವರನ್ನು ಗುಂಡಿಟ್ಟು ಕೊಂದರು. ನಕ್ಷೆ ಬಿಡಿಸುವುದು ಸಣ್ಣ ಕೆಲಸ ಅಂದುಕೊಂಡವರಿಗೆ ಇದಕ್ಕಿಂತ ಹೆಚ್ಚು ನಾನೇನು ಹೇಳಲಿ.

ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಹುಟ್ಟಿದ ಜಾಕಿನ್ ಅರ್ಪುತಂ ಅವರನ್ನು ನೆನೆಯದೆ ಮುಂದೆ ಹೋಗಲಾರೆ. ಹುಡುಗನಾಗಿ ಮುಂಬೈ ಸೇರಿ ಜನತಾ ಕಾಲೊನಿ ಎಂಬ ಕೊಳೆಗೇರಿಯಲ್ಲಿ ನೆಲೆಸಿದ್ದರು. ಅಲ್ಲಿ ಕಸ ಯಾರೂ ಎತ್ತುತ್ತಿರಲಿಲ್ಲ. ಮಕ್ಕಳನ್ನು ಸೇರಿಸಿ, ಒಬ್ಬೊಬ್ಬರ ಕೈಗೂ ಒಂದಿಷ್ಟು ಕಸದ ಪೊಟ್ಟಣ ಕೊಟ್ಟು, ಮೆರವಣಿಗೆಯಲ್ಲಿ ಹೋಗಿ ಪಾಲಿಕೆಯ ಕಚೇರಿ ಮುಂದೆ ಸುರಿದುಬಂದರು. 1976ರಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ, ಆ ಕಾಲೊನಿಯನ್ನು ನೆಲಸಮ ಮಾಡಿದರು. ಜಾಕಿನ್ ನಿಲ್ಲಲಿಲ್ಲ. ಮುಂದೆ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯೂ ಪದ್ಮಶ್ರೀಯೂ ಬಂದವು. 2018ರಲ್ಲಿ ತೀರಿಕೊಂಡರು.

ಅವರ ಜೊತೆಜೊತೆಗೇ ಬೆಳೆದದ್ದು 'ಮಹಿಳಾ ಮಿಲನ್'. 1986ರಲ್ಲಿ ಮುಂಬೈಯ ಕಾಲುದಾರಿಗಳ ಮೇಲೆ ಗುಡಿಸಲು ಹಾಕಿಕೊಂಡಿದ್ದ ಹೆಂಗಸರು ಕಟ್ಟಿಕೊಂಡ ಉಳಿತಾಯ ಸಂಘ. ಅವರಲ್ಲೇ ಒಬ್ಬರು ಪ್ರತಿದಿನ ಗುಡಿಸಲಿಂದ ಗುಡಿಸಲಿಗೆ ಹೋಗಿ ಕೈಲಾದಷ್ಟು ಚಿಲ್ಲರೆ ಸಂಗ್ರಹಿಸುತ್ತಿದ್ದರು. ತಿಂಗಳಿಗೊಮ್ಮೆ ಹೋದರೆ ದುಡ್ಡು ಸಿಗುತ್ತದೆ. ದಿನಾ ಹೋದರೆ ಯಾರಿಗೆ ಜ್ವರ, ಯಾರ ಗಂಡ ಕುಡಿದು ಹೊಡೆದ, ಯಾರಿಗೆ ಇವತ್ತು ಕೆಲಸ ಸಿಗಲಿಲ್ಲ ಅನ್ನುವುದೂ ತಿಳಿಯುತ್ತದೆ. ಆ ತಿಳಿವಳಿಕೆಯೇ ಸಂಘದ ನಿಜವಾದ ಬಂಡವಾಳ. ತಾವೇ ಗುಡಿಸಲು ಎಣಿಸಿ, ಪಟ್ಟಿ ಮಾಡಿ, ಅಧಿಕಾರಿಗಳ ಮುಂದೆ ಇಟ್ಟರು. ನಮ್ಮ ಖಜಾಂಚಿ ಪ್ರತಿ ತಿಂಗಳು ಬಾಗಿಲಿಗೆ ಬಂದು "ಎಲ್ಲ ಆರಾಮಾ?" ಅಂತ ಕೇಳುವಾಗ ನನಗೆ ಈ ಹೆಂಗಸರೇ ನೆನಪಾಗುತ್ತಾರೆ. ಚಂದಾ ಒಂದು ನೆಪ. ಅವರು ಬೀದಿಯ ನಾಡಿ ಹಿಡಿದು ನೋಡುತ್ತಿದ್ದಾರೆ.

ಆ ನಾಡಿ ಗೊತ್ತಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಜಪಾನಿನ ಕೋಬೆ ಸಾಕ್ಷಿ. ಅಲ್ಲಿ ಮಾನೋ ಎಂಬ ಬಡ ಕಾರ್ಮಿಕರ ಬಡಾವಣೆ. ಕಾರ್ಖಾನೆಗಳ ಹೊಗೆಯ ವಿರುದ್ಧ 1960ರ ದಶಕದಲ್ಲೇ ಒಟ್ಟಾಗಿ ನಿಂತ ಜನ, ಆಮೇಲೂ ಸಭೆ ಸೇರುವುದನ್ನು ಬಿಟ್ಟಿರಲಿಲ್ಲ. ಬಡಾವಣೆ ಹೇಗಿರಬೇಕು ಅಂತ ತಾವೇ ಕೂತು ಯೋಜನೆ ಮಾಡುತ್ತಿದ್ದರು. 1995ರ ಜನವರಿ 17ರ ಬೆಳಗ್ಗೆ ಭೂಕಂಪವಾಯಿತು, 6,400ಕ್ಕೂ ಹೆಚ್ಚು ಜನ ಸತ್ತರು. ಎಲ್ಲೆಡೆ ಬೆಂಕಿ ಹತ್ತಿಕೊಂಡಿತು. ಮಾನೋದ ಜನ ಸಾಲಾಗಿ ನಿಂತು, ಪಕ್ಕದ ಕಾರ್ಖಾನೆಯ ಕೆಲಸಗಾರರನ್ನೂ ಸೇರಿಸಿಕೊಂಡು, ಕೈಯಿಂದ ಕೈಗೆ ನೀರು ದಾಟಿಸಿ ಬೆಂಕಿ ಹಬ್ಬದಂತೆ ತಡೆದರು. ಸಾಲು ಕಟ್ಟಲು ಯಾರೂ ಅವರಿಗೆ ಆ ಬೆಳಗ್ಗೆ ಹೇಳಿಕೊಡಲಿಲ್ಲ. ಮೂವತ್ತು ವರ್ಷದಿಂದ, ಆಕಳಿಕೆ ತರಿಸುವ ಸಭೆಗಳಲ್ಲಿ ಚಾಪೆ ಹಾಸಿ, ಹಾಜರಿ ಬರೆದು, ನಡಾವಳಿ ಓದಿದವರು ಆ ಸಾಲನ್ನು ಕಟ್ಟಿಟ್ಟಿದ್ದರು.

ಅದೇ 1995ರ ಜುಲೈನಲ್ಲಿ ಶಿಕಾಗೊದಲ್ಲಿ ಬಿಸಿಗಾಳಿಗೆ 700ಕ್ಕೂ ಹೆಚ್ಚು ಜನ ಸತ್ತರು, ಬಹಳಷ್ಟು ಜನ ಒಂಟಿ ವೃದ್ಧರು. ಎರಿಕ್ ಕ್ಲೈನೆನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞರು ಆಮೇಲೆ ಅಕ್ಕಪಕ್ಕದ ಎರಡು ಬಡ ಬಡಾವಣೆಗಳನ್ನು ಹೋಲಿಸಿ ನೋಡಿದರು. ಬೀದಿಯಲ್ಲಿ ಜನರ ಓಡಾಟವಿದ್ದ, ಮುದುಕರು ಹೆದರದೆ ಹೊರಬರುತ್ತಿದ್ದ ಬಡಾವಣೆಯಲ್ಲಿ ಸಾವು ಬಹಳ ಕಡಿಮೆ. ಬಡತನ ಎರಡೂ ಕಡೆ ಇತ್ತು. ಇದನ್ನು ಓದಿದ ದಿನದಿಂದ ನನಗೆ ಬೀದಿದೀಪದ ದೂರು ಸಣ್ಣದಾಗಿ ಕಂಡಿಲ್ಲ.

ಇನ್ನು ನಾವು ಸನ್ಮಾನ ಮಾಡುವ ರೀತಿಯ ಬಗ್ಗೆ ಒಂದೆರಡು ಮಾತು, ಸ್ವಲ್ಪ ಖಾರವಾಗಿಯೇ. ಕಟ್ಟಡ ಎದ್ದ ದಿನ ವೇದಿಕೆ ಹಾಕುತ್ತೇವೆ. ಅದು ಏಳುವ ಮೊದಲಿನ ಏಳು ವರ್ಷಕ್ಕೆ ವೇದಿಕೆಯಿಲ್ಲ, ಎದ್ದ ಮೇಲೆ ಇಪ್ಪತ್ತು ವರ್ಷ ಅದರ ಬೀಗ ತೆಗೆದು, ಗುಡಿಸಿ, ನಲ್ಲಿ ರಿಪೇರಿ ಮಾಡಿಸುವವರಿಗಂತೂ ಮೊದಲೇ ಇಲ್ಲ. ಅಧ್ಯಕ್ಷರು ಗಂಡಸರು, ಓಡಾಡುವವರು ಹೆಂಗಸರು. ಇದು ಎಷ್ಟು ಸಂಘಗಳ ಕಥೆ ಅಂತ ನೀವೇ ನಿಮ್ಮ ಸುತ್ತ ನೋಡಿಕೊಳ್ಳಿ. ನನಗಿದು ಬರೀ ಮರೆವು ಅನ್ನಿಸುವುದಿಲ್ಲ, ಅನ್ಯಾಯ ಅನ್ನಿಸುತ್ತದೆ. ಒಬ್ಬರನ್ನೇ ಎತ್ತಿ ಮಹಾತ್ಮರನ್ನಾಗಿ ಮಾಡುವುದೂ ಸರಿಯಲ್ಲ. ಹಾಗೆ ಮಾಡಿದಾಗ ಉಳಿದವರು "ಅವರಿದ್ದಾರಲ್ಲ, ನೋಡಿಕೊಳ್ಳುತ್ತಾರೆ" ಅಂತ ಕೈತೊಳೆದುಕೊಳ್ಳುತ್ತಾರೆ, ಆ ಒಬ್ಬರು ಒಳಗೊಳಗೇ ಸವೆದುಹೋಗುತ್ತಾರೆ. ಹಾಗೆ ಸವೆದವರನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಬಾಸ್ಟನ್ ನಗರದ ಡಡ್ಲಿ ಬೀದಿಯವರು ಇದಕ್ಕೆ ಬೇರೆಯೇ ದಾರಿ ತೋರಿಸಿದರು. 1980ರ ದಶಕದ ಮಧ್ಯಭಾಗ. ಆ ಪ್ರದೇಶದಲ್ಲಿ ಸುಟ್ಟ ಮನೆಗಳು, ಖಾಲಿ ನಿವೇಶನಗಳು, ಹೊರಗಿನವರು ತಂದು ಸುರಿಯುವ ಕಸ. ಸಹಾಯ ಮಾಡಲು ಬಂದ ಸಂಸ್ಥೆಗಳು ಆಡಳಿತ ಮಂಡಳಿಯ ಪಟ್ಟಿಯನ್ನು ಸಿದ್ಧಮಾಡಿಕೊಂಡೇ ಬಂದಿದ್ದವು. ಸಭೆಯಲ್ಲಿ ನಿವಾಸಿಗಳು ಎದ್ದು, ನಿಮ್ಮಲ್ಲಿ ಎಷ್ಟು ಜನ ಇಲ್ಲಿ ವಾಸವಾಗಿದ್ದೀರಿ ಎಂದು ಕೇಳಿದರು. ಮಂಡಳಿಯಲ್ಲಿ ನಿವಾಸಿಗಳದ್ದೇ ಬಹುಮತ ಇರಬೇಕೆಂದು ಹಠ ಹಿಡಿದು ಗೆದ್ದರು. ಮುಂದೆ 1988ರಲ್ಲಿ ಆ ಸಂಘಕ್ಕೆ ಖಾಲಿ ನಿವೇಶನಗಳನ್ನು ಸ್ವಾಧೀನಪಡಿಸಿಕೊಳ್ಳುವ ಅಧಿಕಾರವೇ ಸಿಕ್ಕಿತು. ಬೀದಿಯ ಜನರಿಗೆ ಇದಕ್ಕಿಂತ ದೊಡ್ಡ ಸನ್ಮಾನ ಯಾವುದಿದೆ? ತೀರ್ಮಾನ ಮಾಡುವ ಕುರ್ಚಿಯಲ್ಲಿ ಕೂರಿಸಿ. ಫಲಕ ಆಮೇಲೆ ಬರಲಿ.

ಸಂಬಳದ ಮಾತೂ ಇದೆ. "ಸೇವೆಗೆ ದುಡ್ಡು ಯಾಕೆ" ಅನ್ನುವವರನ್ನು ನಾನು ಒಪ್ಪುವುದಿಲ್ಲ. ದಿನಕ್ಕೆ ಮೂರು ಗಂಟೆ ಕೊಡುವವರ ಬಸ್ ಖರ್ಚು, ಫೋನ್ ಖರ್ಚನ್ನಾದರೂ ಸಂಘ ಭರಿಸಬೇಕು. ಇಲ್ಲದಿದ್ದರೆ ಉಳ್ಳವರು ಮಾತ್ರ ಸೇವೆ ಮಾಡಲು ಸಾಧ್ಯ. ಬೀದಿಯ ಕಷ್ಟ ಹೆಚ್ಚು ಗೊತ್ತಿರುವವರೇ ಹೊರಗುಳಿಯುತ್ತಾರೆ.

ಕಳೆದ ತಿಂಗಳು ನಮ್ಮ ಖಜಾಂಚಿ ಮಂಡಿನೋವು ಅಂತ ಮೊದಲ ಸಲ ಎರಡು ದಿನ ತಡವಾಗಿ ಬಂದರು. ಕೂತು ಮಾತಾಡಿದೆವು. ಆ ಹಳೆಯ ಸಭೆಯ ಮಾತು ನಾನೇ ಎತ್ತಿದೆ, ಅಂದು ಸುಮ್ಮನಿದ್ದುದಕ್ಕೆ ಕ್ಷಮೆ ಕೇಳಿದೆ. "ಬಿಡಪ್ಪಾ, ಪುಸ್ತಕ ಇದೆಯಲ್ಲ" ಅಂದರು ಅಷ್ಟೇ. ನಾಲ್ಕೂ ಪುಸ್ತಕ ತರಿಸಿಕೊಂಡು ಮೂರು ಸಂಜೆ ಕೂತು ಪೂರ್ತಿ ಓದಿದೆ. ಒಂದು ಪುಟದಲ್ಲಿ ಒಂದು ಮನೆಯ ಹೆಸರಿನ ಮುಂದೆ ಆರು ತಿಂಗಳು ಖಾಲಿ, ಅಂಚಿನಲ್ಲಿ ಪೆನ್ಸಿಲಿನಲ್ಲಿ ಸಣ್ಣದಾಗಿ "ಕೆಲಸ ಹೋಗಿದೆ, ಕೇಳಬಾರದು" ಅಂತ ಬರೆದಿತ್ತು.

ಬರುವ ತಿಂಗಳಿಂದ ಬೀದಿಯ ಅರ್ಧ ಮನೆಗಳನ್ನು ನಾನು ನೋಡಿಕೊಳ್ಳುತ್ತೇನೆ ಅಂದಿದ್ದೇನೆ. ಎರಡು ತಿಂಗಳು ಜೊತೆಯಲ್ಲೇ ಬಂದು ಕಲಿಸುತ್ತಾರಂತೆ. ಮೊದಲ ಪಾಠ ಈಗಾಗಲೇ ಆಗಿದೆ: "ಬಾಗಿಲು ತಟ್ಟಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲು. ತೆರೆದವರಿಗೆ ಒಳಗೆ ಕರೆಯಬೇಕೋ ಬೇಡವೋ ಅಂತ ಯೋಚಿಸೋಕೆ ಜಾಗ ಬೇಕಾಗುತ್ತೆ."