ಸೀಟಿ ಎಡಜೇಬಿನಲ್ಲಿದೆ

ಬಿಲ್ ಕೌಂಟರಿನಿಂದ ಬಾಗಿಲಿಗೆ ಹತ್ತು ಹೆಜ್ಜೆ. ದುಡ್ಡು ಕೊಟ್ಟ ಮನುಷ್ಯ ಆ ಹತ್ತು ಹೆಜ್ಜೆಯೊಳಗೆ ಕಳ್ಳನಾಗಿಬಿಟ್ಟಾನು ಎಂಬ ಭಯದಿಂದ ಸೂಪರ್ ಮಾರ್ಕೆಟ್ಟಿನವರು ಬಾಗಿಲಲ್ಲಿ ಒಬ್ಬ ಸೆಕ್ಯುರಿಟಿಯನ್ನು ನಿಲ್ಲಿಸಿರುತ್ತಾರೆ. ಅವರು ಬಿಲ್ ಈಸಿಕೊಂಡು, ಚೀಲದೊಳಗೆ ಇಣುಕಿ, ಮೇಲಿರುವ ಕೊತ್ತಂಬರಿ ಕಟ್ಟನ್ನು ದಿಟ್ಟಿಸಿ ನೋಡಿ, ಠಪ್ಪೆಂದು ಸೀಲು ಒತ್ತುತ್ತಾರೆ. ಅಡಿಯಲ್ಲಿ ತುಪ್ಪದ ಡಬ್ಬಿ ಒಂದಿದೆಯೋ ಮೂರಿದೆಯೋ ಶಿವನೇ ಬಲ್ಲ.

ಆ ಸೀಲಿಗೆ ನಿಜಕ್ಕೂ ಒಂದು ಕೆಲಸವಿತ್ತು. ಒಂದೇ ಬಿಲ್ ತೋರಿಸಿ ಅದೇ ಸಾಮಾನನ್ನು ಎರಡನೇ ಸಲ ಹೊರಗೆ ಸಾಗಿಸಬಾರದು, ಕೌಂಟರಿನ ಹುಡುಗ ಪರಿಚಯದವರಿಗೆ ಐದು ಸಾಮಾನು ಕೊಟ್ಟು ಮೂರನ್ನೇ ಸ್ಕ್ಯಾನ್ ಮಾಡಬಾರದು, ಅದಕ್ಕೆ. ಹಿಡಿಯಬೇಕಾದರೆ ಬಿಲ್ಲಿನ ತಳದಲ್ಲಿರುವ ಒಟ್ಟು ಐಟಂ ಸಂಖ್ಯೆ ನೋಡಿ ಚೀಲದಲ್ಲಿರುವುದನ್ನು ಎಣಿಸಬೇಕು. ಅಷ್ಟು ಪುರುಸೊತ್ತಿಲ್ಲದಿದ್ದರೆ ತುಪ್ಪ, ಬಾದಾಮಿ, ರೇಜರ್ ಬ್ಲೇಡಿನಂಥ ದುಬಾರಿ ಸಾಮಾನು ಎರಡನ್ನಾದರೂ ಬಿಲ್ಲಿಗೆ ತಾಳೆ ನೋಡಬೇಕು. ಭಾನುವಾರ ಸಂಜೆ, ಹಿಂದೆ ಇಪ್ಪತ್ತು ಜನ ನಿಂತು ಗೊಣಗುತ್ತಿರುವಾಗ ಯಾರು ಎಣಿಸುತ್ತಾರೆ? ಸೀಲು ಬಿತ್ತು, ಭದ್ರತೆ ಆಯಿತು.

ಹಾಗಂತ ಈ ವ್ಯವಸ್ಥೆ ಯಾರನ್ನೂ ತಡೆಯುವುದಿಲ್ಲ ಎನ್ನಬೇಡಿ. 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಬಾಗಿಲಲ್ಲಿ ಹಾವೇರಿ ಕಡೆಯ ಹಿರಿಯ ರೈತರೊಬ್ಬರನ್ನು ಎಷ್ಟು ಚುರುಕಾಗಿ ತಡೆಯಿತು! ಸಿನಿಮಾ ಟಿಕೆಟ್ ಇತ್ತು, ಜೊತೆಯಲ್ಲಿ ಮಗ ಇದ್ದ, ಆದರೆ ಉಟ್ಟದ್ದು ಪಂಚೆ. ಅದಕ್ಕೂ ಐದು ತಿಂಗಳು ಮುಂಚೆ ರಾಜಾಜಿನಗರದ ಮೆಟ್ರೊ ನಿಲ್ದಾಣದಲ್ಲಿ ಇನ್ನೊಬ್ಬ ರೈತರ ಬಟ್ಟೆ ಕೊಳೆಯಾಗಿದೆ ಎಂದು ಪತ್ತೆಹಚ್ಚಿದ್ದೂ ಇಂಥದೇ ಕಾವಲು. ಆಮೇಲಿನ ಕಥೆ ನಿಮಗೆ ಗೊತ್ತೇ ಇದೆ. ಸದನದಲ್ಲಿ ಗುಡುಗಾಯಿತು, ಮಾಲಿಗೆ ಏಳು ದಿನ ಬೀಗ ಎಂದು ಸರ್ಕಾರ ಸಾರಿತು, ಮಾಲಿನ ₹1.78 ಕೋಟಿ ಆಸ್ತಿ ತೆರಿಗೆ ಬಾಕಿಯೂ ಅದೇ ಹೊತ್ತಿಗೆ ಎಲ್ಲರಿಗೂ ನೆನಪಾಯಿತು. ಪಂಚೆಯ ದಯೆ. ಮೆಟ್ರೊದಲ್ಲಿ ಸೆಕ್ಯುರಿಟಿ ಮೇಲ್ವಿಚಾರಕರ ಕೆಲಸ ಹೋಯಿತು. ಬಟ್ಟೆ ನೋಡಿ ಒಳಗೆ ಬಿಡುವ ವಿದ್ಯೆ ಬಾಗಿಲಲ್ಲಿ ನಿಂತವರಿಗೆ ಹುಟ್ಟಿನಿಂದ ಬಂದದ್ದಲ್ಲ. ಕಲಿಸಿದವರ ಕೆಲಸ ಹೋದ ಸುದ್ದಿ ಮಾತ್ರ ಎಲ್ಲೂ ಬರಲಿಲ್ಲ.

ಕಾನೂನಿನಲ್ಲಿರುವ ಗಾರ್ಡನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ. 2005ರಲ್ಲಿ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ ಬಂತು, ಅದರ ಬೆನ್ನಿಗೆ 2006ರ ಮಾದರಿ ನಿಯಮಗಳು. ತರಗತಿಯಲ್ಲಿ 100 ಗಂಟೆ ಪಾಠ, ಹೊರಗೆ 60 ಗಂಟೆ ತರಬೇತಿ, ಕನಿಷ್ಠ 20 ದಿನ. ಗಂಡಸಾದರೆ ಎತ್ತರ 160 ಸೆಂ.ಮೀ., ಎದೆ 80, ಉಸಿರೆಳೆದರೆ ಇನ್ನೂ 4 ಸೆಂ.ಮೀ. ಉಬ್ಬಬೇಕು. ಒಂದು ಕಿಲೋಮೀಟರನ್ನು 6 ನಿಮಿಷದಲ್ಲಿ ಓಡಬೇಕು. ತೋಳಿಗೆ ಏಜೆನ್ಸಿಯ ಬ್ಯಾಜು, ಲೇಸು ಕಟ್ಟುವ ಶೂ, ತಲೆಗೆ ಟೋಪಿ. ಇನ್ನು ಸೀಟಿ. ಸೀಟಿಗೆ ದಾರ ಇರಬೇಕು, ಅದು ಎಡಜೇಬಿನಲ್ಲಿರಬೇಕು. ಬಲಜೇಬಾದರೆ ನಿಯಮಬಾಹಿರ. ದೆಹಲಿಯಲ್ಲಿ ಯಾರೋ ಪುಣ್ಯಾತ್ಮರು ಮೇಜಿನ ಸುತ್ತ ಕೂತು, ಟೀ ಕುಡಿದು, ಎಡವೋ ಬಲವೋ ಎಂದು ಚರ್ಚಿಸಿರಬೇಕು, ಎಡಪಕ್ಷ ಗೆದ್ದಿರಬೇಕು. ಬಲಜೇಬಿನಲ್ಲಿ ಏನಿರಬೇಕೆಂದು ನಿಯಮ ಹೇಳುವುದಿಲ್ಲ. ಹೋದ ತಿಂಗಳ ಸಂಬಳ ಬರುತ್ತದೆ ಎಂಬ ಏಜೆನ್ಸಿಯ ಮಾತನ್ನು ಅಲ್ಲಿಡಬಹುದು.

ಬಾಗಿಲಲ್ಲಿ ಸಿಗುವ ಗಾರ್ಡ್ ಬೇರೆ. ಬೆಳಿಗ್ಗೆ ಬಸ್ಸಿಳಿದು, ಸಂಜೆ ಇನ್ನೊಬ್ಬರ ಅಳತೆಯ ಅಂಗಿ ತೊಟ್ಟು ಡ್ಯೂಟಿಗೆ ನಿಂತವರು. 160 ಗಂಟೆಯ ಪಾಠ ಮೂರು ವಾಕ್ಯಕ್ಕಿಳಿದಿರುತ್ತದೆ: ಕಾರಿನವರಿಗೆ ಸಲ್ಯೂಟ್ ಹೊಡಿ, ಬ್ಯಾಗ್ ಹೊರಗಿಡಿಸು, ರಿಜಿಸ್ಟರಿನಲ್ಲಿ ನಂಬರ್ ಬರೆಸು. ಆ ರಿಜಿಸ್ಟರಿನಲ್ಲಿ ಬರೆದ ಮೊಬೈಲ್ ನಂಬರುಗಳಿಗೆ ಫೋನ್ ಮಾಡಿದರೆ ಅರ್ಧ ಊರಿಗೇ ರಾಂಗ್ ನಂಬರ್ ಆದೀತು.

ಕೈಗೆ ಕೊಟ್ಟಿರುವ ಸಲಕರಣೆಯಂತೂ ಅದ್ಭುತ. ಕೈಯಲ್ಲಿ ಹಿಡಿಯುವ ಮೆಟಲ್ ಡಿಟೆಕ್ಟರ್ ಒಂಬತ್ತು ವೋಲ್ಟಿನ ಬ್ಯಾಟರಿಯಿಂದ ನಡೆಯುವ, ಸುಳ್ಳು ಹೇಳಲು ಬಾರದ ಸಾಧನ. ಬೀಗದ ಕೈ, ಬೆಲ್ಟಿನ ಬಕಲು, ಮೊಬೈಲು ಯಾವುದನ್ನು ಕಂಡರೂ ಕುಂಯ್ ಅನ್ನುತ್ತದೆ. ಎಲ್ಲರ ಮೈಮೇಲೂ ಅವು ಇರುವುದರಿಂದ ಎಲ್ಲರಿಗೂ ಕುಂಯ್. ಮೊದಲು ಜೇಬು ಖಾಲಿ ಮಾಡಿಸಿ, ಲೋಹವನ್ನೆಲ್ಲ ಟ್ರೇಗೆ ಹಾಕಿಸಿ, ಆಮೇಲೆ ಮೈಗೆ ಎರಡು ಮೂರು ಸೆಂ.ಮೀ. ದೂರದಲ್ಲಿ ಹೆಗಲಿಂದ ಪಾದದವರೆಗೆ ಮುಂದೆ ಹಿಂದೆ ನಿಧಾನವಾಗಿ ಆಡಿಸಿದರೆ ಮಾತ್ರ ಅದರ ಕೂಗಿಗೆ ಅರ್ಥ. ಮಾಲಿನಲ್ಲಿ ನಡೆಯುವುದು ಮಂಗಳಾರತಿ. ಬ್ಯಾಟರಿ ಸತ್ತ ದಿನವೂ ಆರತಿ ತಪ್ಪುವುದಿಲ್ಲ, ಗಂಟೆ ಮಾತ್ರ ಕೇಳಿಸುವುದಿಲ್ಲ.

ಬಟ್ಟೆ ಅಂಗಡಿಯ ಬಾಗಿಲಲ್ಲಿ ಟ್ಯಾಗ್ ಕಂಡರೆ ಅರಚುವ ಕಂಬಗಳದ್ದೂ ಇದೇ ಪಾಡು. ಕೆಲವು 58 ಕಿಲೋಹರ್ಟ್ಸಿನವು, ಕೆಲವು 8.2 ಮೆಗಾಹರ್ಟ್ಸಿನವು; ಅಂಗಿಗೆ ಅಂಟಿಸಿದ ಟ್ಯಾಗ್ ಅದೇ ಜಾತಿಯದ್ದಾಗಿರಬೇಕು. ಬಿಲ್ ಮಾಡುವವರು ಅದನ್ನು ಪ್ಯಾಡಿನ ಮೇಲೆ ಉಜ್ಜಿ ಸಾಯಿಸಲು ಮರೆತರೆ, ದುಡ್ಡು ಕೊಟ್ಟವರಿಗೇ ಕಂಬ ಅರಚುತ್ತದೆ. ನಾಲ್ಕು ಸಲ ಹೀಗಾದ ಮೇಲೆ ಗಾರ್ಡ್ ಕೈ ಬೀಸಿ "ಹೋಗಿ ಹೋಗಿ" ಎನ್ನುತ್ತಾರೆ. ಐದನೆಯವನು ಕಳ್ಳ.

ಸರಿ, ಆ ಐದನೆಯವನನ್ನು ಹಿಡಿದರು ಎಂದೇ ಇಟ್ಟುಕೊಳ್ಳಿ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಪ್ರಕಾರ ಖಾಸಗಿ ವ್ಯಕ್ತಿ ಕಳ್ಳನನ್ನು ಬಂಧಿಸಬೇಕಾದರೆ ಅಪರಾಧ ಅವರ ಕಣ್ಣೆದುರೇ ನಡೆದಿರಬೇಕು, ಅದು ಜಾಮೀನುರಹಿತವೂ ಸಂಜ್ಞೇಯವೂ (ಅಂದರೆ ವಾರಂಟ್ ಇಲ್ಲದೆ ಪೊಲೀಸರು ಹಿಡಿಯಬಹುದಾದದ್ದೂ) ಆಗಿರಬೇಕು, ಹಿಡಿದವನನ್ನು ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಐಪಿಸಿ ಜಾಗಕ್ಕೆ ಬಂದ ನ್ಯಾಯ ಸಂಹಿತೆಯ 303ರಲ್ಲಿ ₹5,000ಕ್ಕಿಂತ ಕಡಿಮೆ ಬೆಲೆಯ ಕಳ್ಳತನ ಅಸಂಜ್ಞೇಯ, ಜಾಮೀನು ಸಿಗುವಂಥದ್ದು. ಅಂದರೆ ₹4,999ರ ಸೀರೆ ಕದ್ದವನನ್ನು ಗಾರ್ಡ್ ಬಂಧಿಸುವಂತಿಲ್ಲ. ತಡೀರಿ, ಅಂಗಡಿ ಎಂದರೆ ಸೊತ್ತು ಇಡುವ ಕಟ್ಟಡ, ಆದ್ದರಿಂದ 305 ಅನ್ವಯಿಸುತ್ತದೆ, ಏಳು ವರ್ಷದವರೆಗೆ ಜೈಲು, ಐದು ಸಾವಿರದ ಪ್ರಶ್ನೆಯೇ ಇಲ್ಲ ಎಂದು ವಕೀಲರು ವಾದಿಸಬಹುದು. 303ಓ 305ಓ ಎಂಬುದನ್ನು ಕಳ್ಳ ರಸ್ತೆ ದಾಟುವುದರೊಳಗೆ ಗಾರ್ಡ್ ತೀರ್ಮಾನಿಸಬೇಕು. ತಪ್ಪಿದರೆ ಅಕ್ರಮ ಬಂಧನದ ಕೇಸು ಗಾರ್ಡ್ ಮೇಲೆ. ಅಷ್ಟಕ್ಕೂ ಕಳ್ಳತನ ನಡೆದದ್ದು ಟ್ರಯಲ್ ರೂಮಿನಲ್ಲಿ, ಗಾರ್ಡ್ ನಿಂತದ್ದು ರಸ್ತೆಗೆ ಮುಖ ಮಾಡಿ.

ಬಟ್ಟೆ ನೋಡಿ ಮಣೆ ಹಾಕುವ ಪಾಠದ ಪೂರ್ತಿ ಲಾಭ ಪಡೆದವರು 2025ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ನಗದು ವ್ಯಾನ್ ನಿಲ್ಲಿಸಿದವರು. ಬಂದದ್ದು ರಿಸರ್ವ್ ಬ್ಯಾಂಕಿನವರ ಸೋಗಿನಲ್ಲಿ. ಗತ್ತಿನಿಂದ ಮಾತಾಡಿದರು, ₹7.11 ಕೋಟಿ ಹೋಯಿತು. ಒಂದು ಸಲಕ್ಕೆ ₹5 ಕೋಟಿ ಮೀರಿ ಸಾಗಿಸಬಾರದು ಎಂದು 2018ರ ನಿಯಮವೇ ಹೇಳುತ್ತದೆ. ಬಂಧಿತರಲ್ಲಿ ಒಬ್ಬರು ಪೊಲೀಸ್ ಕಾನ್‌ಸ್ಟೆಬಲ್. ಪಂಚೆ ಉಟ್ಟು ಹೋಗಿದ್ದರೆ ವ್ಯಾನ್ ಹತ್ತಿರಕ್ಕೂ ಬಿಡುತ್ತಿರಲಿಲ್ಲವೇನೋ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ನಮ್ಮ ಸರ್ಕಾರಗಳ ನೆಚ್ಚಿನ ವ್ಯಾಯಾಮ. 2013ರ ನವೆಂಬರ್ 19ರಂದು ಬೆಂಗಳೂರಿನಲ್ಲಿ ಒಬ್ಬಾತ ಎಟಿಎಂ ಒಳಗೆ ನುಗ್ಗಿ, ಶಟರ್ ಎಳೆದುಕೊಂಡು, ಮಹಿಳೆಯೊಬ್ಬರ ಮೇಲೆ ಮಚ್ಚು ಬೀಸಿದ್ದನ್ನು ಕ್ಯಾಮೆರಾ ಚಾಚೂ ತಪ್ಪದೆ ನೋಡಿತು. ಕಾವಲಿಲ್ಲದ ಎಟಿಎಂ ಮುಚ್ಚಿ ಎಂದು ಆಗ ಆದೇಶವಾಯಿತು. ಆರೋಪಿ ಸಿಕ್ಕಿದ್ದು 2017ರಲ್ಲಿ, ಆಂಧ್ರದಲ್ಲಿ. ಒಳಗಿನಿಂದ ಎಳೆಯಲು ಬಾರದಂತೆ ಶಟರಿಗೆ ಒಂದು ಬೀಗ ಜಡಿಯುವುದು ಕಾವಲುಗಾರರ ಒಂದು ತಿಂಗಳ ಸಂಬಳಕ್ಕಿಂತ ಎಷ್ಟೋ ಅಗ್ಗ. ಇವತ್ತು ಯಾವುದಾದರೂ ಎಟಿಎಂ ಹೊಕ್ಕು ನೋಡಿ. ಎಸಿ ಕೆಟ್ಟಿರುತ್ತದೆ, ಕುರ್ಚಿ ಇರುತ್ತದೆ, ಕೂರುವವರಿರುವುದಿಲ್ಲ.

ಹಾಗಾದರೆ ನಮ್ಮ ರಕ್ಷಣೆ ನಾವೇ ಮಾಡಿಕೊಳ್ಳೋಣ ಎನ್ನುತ್ತೀರಾ? ಪೆಪ್ಪರ್ ಸ್ಪ್ರೇ ಕೊಳ್ಳಿ. ಅದು ವ್ಯಾನಿಟಿ ಬ್ಯಾಗಿನ ತಳದಲ್ಲಿ, ಹಣಿಗೆಯ ಕೆಳಗೆ ಇದ್ದರೆ ಉಪಯೋಗವಿಲ್ಲ. ಕೈಗೆ ಸಿಗುವ ಜೇಬಿನಲ್ಲಿರಬೇಕು. ಡಬ್ಬಿಯ ಎಕ್ಸ್‌ಪೈರಿ ತಾರೀಖು ನೋಡಿ, ಒತ್ತಡ ಇಳಿದರೆ ಹನಿ ನಿಮ್ಮ ಕೈಮೇಲೇ ತೊಟ್ಟಿಕ್ಕುತ್ತದೆ. ಎದುರುಗಾಳಿಗೆ ಹೊಡೆದರೆ ಅಳುವವರು ನೀವು. ಲಿಫ್ಟಿನಲ್ಲಿ ಹೊಡೆದರೆ ಇಬ್ಬರೂ. ಹೊಡೆದ ಮೇಲೆ ಪರಿಣಾಮ ನೋಡುತ್ತ ನಿಲ್ಲದೆ ಓಡಿ, 112 ಒತ್ತಿ. ಆಮೇಲೆ ನ್ಯಾಯ ಸಂಹಿತೆಯ 37ನೇ ಕಲಂ ಓದಿಕೊಳ್ಳಿ: ಪೊಲೀಸರ ಬಳಿ ಹೋಗಲು ಸಮಯವಿದ್ದರೆ ಆತ್ಮರಕ್ಷಣೆಯ ಹಕ್ಕಿಲ್ಲ, ಬೇಕಾದದ್ದಕ್ಕಿಂತ ಹೆಚ್ಚು ಪೆಟ್ಟು ಕೊಡುವಂತಿಲ್ಲ. 2024ರ ಮೇ ತಿಂಗಳಲ್ಲಿ ಜಗಳವೊಂದರಲ್ಲಿ ಈ ಸ್ಪ್ರೇ ಬಳಸಿದ ಪ್ರಕರಣವನ್ನು ರದ್ದು ಮಾಡಲು ಕರ್ನಾಟಕ ಹೈಕೋರ್ಟ್ ಒಪ್ಪಲಿಲ್ಲ. ಅದು ಅಪಾಯಕಾರಿ ಆಯುಧ ಎಂದಿತು. ಇಷ್ಟೆಲ್ಲ ನೆನಪಿಟ್ಟುಕೊಂಡು ಹೋದರೆ ಮಾಲ್ ಬಾಗಿಲಲ್ಲಿ ಅದನ್ನು ತೆಗೆದಿಡಿಸುತ್ತಾರೆ.

ನಗು ಇಲ್ಲಿಗೆ ಸಾಕು. ಗಾರ್ಡನ್ನು ದಿನಕ್ಕೆ ಹನ್ನೆರಡು ಗಂಟೆ ನಿಲ್ಲಿಸುತ್ತಾರೆ. ವಾರಕ್ಕೆ ಆರು ದಿನವಾದರೆ 72 ಗಂಟೆ. ನಮ್ಮ 1961ರ ಅಂಗಡಿ ಕಾಯ್ದೆ ಹೇಳುವುದು 48, ಮೇಲಿನದ್ದಕ್ಕೆ ದುಪ್ಪಟ್ಟು ಕೂಲಿ. ಕೊಡುವವರು ಯಾರು? ಅಂಗಡಿಯವರು ಏಜೆನ್ಸಿಗೆ ಕೊಟ್ಟೆವು ಎನ್ನುತ್ತಾರೆ, ಏಜೆನ್ಸಿಯವರು ಬಿಲ್ ಪಾಸಾಗಿಲ್ಲ ಎನ್ನುತ್ತಾರೆ, ಯೂನಿಫಾರ್ಮಿನ ದುಡ್ಡನ್ನೂ ಸಂಬಳದಲ್ಲೇ ಮುರಿಯುತ್ತಾರೆ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸಗಾರರಿಗೆ ಕೂರುವ ಹಕ್ಕನ್ನು ಕಾನೂನಿನಲ್ಲೇ ಬರೆದವು. ಕೂತರೆ ನಿದ್ದೆ ಹೊಡೆಯುತ್ತಾರೆ ಎಂಬುದು ಇಲ್ಲಿನ ಮಾಲೀಕರ ವಾದ. ಹಗಲು ಒಂದು ಕಡೆ, ರಾತ್ರಿ ಇನ್ನೊಂದು ಕಡೆ ಡ್ಯೂಟಿ ಮಾಡಿ ಹೊಟ್ಟೆ ಹೊರೆಯುವ ಐವತ್ತೆಂಟರ ಮನುಷ್ಯ ನಿಂತೇ ನಿದ್ದೆ ಮಾಡುವುದನ್ನು ಕಲಿತಿರುತ್ತಾನೆ. ಕಳ್ಳತನವಾದರೆ ಮೊದಲು ಠಾಣೆಗೆ ಕರೆಯುವುದು ಅವನನ್ನೇ.

ನಿಜವಾಗಿ ಕಳ್ಳತನ ತಡೆಯಬೇಕು ಎನ್ನುವ ಅಂಗಡಿಯವರಿದ್ದರೆ ಕೆಲಸ ದೊಡ್ಡದಲ್ಲ. ಒಳಗೆ ಬಂದ ಪ್ರತಿಯೊಬ್ಬರ ಮುಖ ನೋಡಿ ಗಾರ್ಡ್ "ನಮಸ್ಕಾರ, ಬನ್ನಿ" ಎನ್ನಲಿ; ತನ್ನನ್ನು ಯಾರೋ ಗಮನಿಸಿದರು ಎನ್ನುವುದೇ ಕಳ್ಳನಿಗೆ ಕಸಿವಿಸಿ. ಟ್ರಯಲ್ ರೂಮಿಗೆ ಹೋಗುವವರ ಕೈಗೆ ಬಟ್ಟೆಯ ಸಂಖ್ಯೆ ಬರೆದ ಕಾರ್ಡ್ ಕೊಡಿ. ಕ್ಯಾಮೆರಾವನ್ನು ಸೂರಿನಿಂದ ಇಳಿಸಿ ಹೊರಹೋಗುವ ಬಾಗಿಲಲ್ಲಿ ಮುಖದ ಎತ್ತರಕ್ಕೆ ಹಾಕಿ, ಮೇಲಿನಿಂದ ಸಿಗುವುದು ಟೋಪಿಯ ಚಿತ್ರ. ಕ್ಯಾಮೆರಾ ಕಂಡದ್ದನ್ನು ಉಳಿಸಿಡುವ ಡಿವಿಆರ್ ಪೆಟ್ಟಿಗೆ ಗಲ್ಲಾಪೆಟ್ಟಿಗೆಯ ಪಕ್ಕ ಬೇಡ. ದಾವಣಗೆರೆ ಜಿಲ್ಲೆಯ ನ್ಯಾಮತಿಯ ಬ್ಯಾಂಕಿಗೆ 2024ರಲ್ಲಿ ಕನ್ನ ಹಾಕಿದವರು ಹದಿನೇಳು ಕಿಲೋ ಚಿನ್ನದ ಜೊತೆ ಅದನ್ನೂ ಹೊತ್ತೊಯ್ದು, ಹಿಂದೆ ಖಾರದ ಪುಡಿ ಎರಚಿ ಹೋದರು. ಗಾರ್ಡಿಗೆ ಒಂದು ಕುರ್ಚಿ ಹಾಕಿ. ಮೊದಲ ವಾರದಲ್ಲೇ ಅಗ್ನಿಶಾಮಕ ಸಿಲಿಂಡರಿನ ಪಿನ್ ಎಳೆಯುವುದನ್ನು, ಬೆಂಕಿಯ ಬುಡಕ್ಕೆ ಗುರಿಯಿಡುವುದನ್ನು ಮಾಡಿಸಿ ನೋಡಿ. ತುರ್ತು ಬಾಗಿಲ ಮುಂದೆ ಪೇರಿಸಿಟ್ಟ ರಟ್ಟಿನ ಪೆಟ್ಟಿಗೆಗಳನ್ನು ಇವತ್ತೇ ತೆಗೆಸಿ. ಅದರ ಬೀಗದ ಕೈ ಎಲ್ಲಿದೆ ಎಂದು ಸೆಕ್ಯುರಿಟಿಯನ್ನು ಕೇಳಿದರೆ ಮ್ಯಾನೇಜರ್ ಹತ್ತಿರ ಅನ್ನುತ್ತಾರೆ. ಮ್ಯಾನೇಜರ್ ಊಟಕ್ಕೆ ಹೋಗಿದ್ದಾರೆ.