ಮನೆಯ ಲೆಕ್ಕ ಒಬ್ಬನ ಫೋನಿನೊಳಗೆ ಇರಬಾರದು

ಸಾಫ್ಟ್‌ವೇರ್ ಕೆಲಸ ಮಾಡುವವರ ಮನೆಗಳಲ್ಲಿ ದುಡ್ಡಿನ ಕೊರತೆಗಿಂತ, ಇರುವ ದುಡ್ಡು ಎಲ್ಲಿದೆ ಎಂಬುದು ಮನೆಯವರಿಗೆ ಗೊತ್ತಿಲ್ಲದಿರುವುದೇ ದೊಡ್ಡ ತೊಂದರೆ ಎಂದು ಇತ್ತೀಚೆಗೆ ನನಗೆ ಬಲವಾಗಿ ಅನ್ನಿಸತೊಡಗಿದೆ. ಸಂಬಳ ಒಂದು ಖಾತೆಗೆ ಬರುತ್ತದೆ, ಮನೆ ಸಾಲದ ಕಂತು ಇನ್ನೊಂದರಿಂದ ಹೋಗುತ್ತದೆ, ತಿಂಗಳ ಹೂಡಿಕೆಯ ಎಸ್‌ಐಪಿ ಮತ್ತೊಂದು ಆ್ಯಪ್‌ನಲ್ಲಿದೆ, ಭವಿಷ್ಯ ನಿಧಿಯ ಪಾಸ್‌ಬುಕ್ ನೋಡಲು ಯುಎಎನ್ ಸಂಖ್ಯೆ ಬೇಕು, ವಿಮೆಯ ಪಾಲಿಸಿ ಇಮೇಲ್‌ನಲ್ಲಿ ಪಾಸ್‌ವರ್ಡ್ ಹಾಕಿದ ಪಿಡಿಎಫ್ ಆಗಿ ಕುಳಿತಿದೆ. ಇಷ್ಟಕ್ಕೂ ಇರುವ ಬಾಗಿಲು ಒಂದೇ, ಒಬ್ಬನ ಬೆರಳಚ್ಚಿಗೆ ಮಾತ್ರ ತೆರೆದುಕೊಳ್ಳುವ ಒಂದು ಫೋನು.

ನಾನು ಬೆಂಗಳೂರಿನ ಕಂಪನಿಯೊಂದಕ್ಕೆ ಬಾಗಲಕೋಟೆಯ ನವನಗರದ ಮನೆಯಿಂದಲೇ ಕೆಲಸ ಮಾಡುತ್ತೇನೆ. ನಮ್ಮ ತಂಡದಲ್ಲಿ ಯಾವ ಸರ್ವರ್‌ನ ಕೀಲಿಯೂ ಒಬ್ಬನ ಕೈಯಲ್ಲಷ್ಟೇ ಇರುವಂತಿಲ್ಲ, ಒಬ್ಬ ಬರೆದ ಕೋಡನ್ನು ಇನ್ನೊಬ್ಬ ಓದದೆ ಮುಂದಕ್ಕೆ ಕಳಿಸುವಂತಿಲ್ಲ, ಯಾರಾದರೂ ರಜೆ ಹಾಕಿದರೆ ಅವರ ಕೆಲಸ ಎಲ್ಲಿಗೆ ನಿಂತಿದೆ ಎಂಬುದು ಬರಹದಲ್ಲಿ ಇರಲೇಬೇಕು. ಇಷ್ಟು ಶಿಸ್ತನ್ನು ಕಂಪನಿಗೆ ಕೊಡುವ ನಮ್ಮಂಥವರು ಲ್ಯಾಪ್‌ಟಾಪ್ ಮುಚ್ಚಿ ಪಕ್ಕದ ಕೋಣೆಗೆ ಹೋದ ಕೂಡಲೇ ಮನೆಯ ಹಣಕಾಸಿಗೆ ಏಕೈಕ ಅಡ್ಮಿನ್ ಆಗಿಬಿಡುತ್ತೇವೆ. ಅದನ್ನು ಜವಾಬ್ದಾರಿ ಎಂದು ಕರೆದುಕೊಳ್ಳುತ್ತೇವೆ; ಅದರಲ್ಲಿ ಸ್ವಲ್ಪ ಯಜಮಾನಿಕೆಯ ರುಚಿಯೂ ಇರುತ್ತದೆ ಎಂಬುದು ನನ್ನ ಗುಮಾನಿ.

ಅಪ್ಪ ಹಳೇ ಬಾಗಲಕೋಟೆಯಲ್ಲಿ ಕಿರಾಣಿ ಅಂಗಡಿ ನಡೆಸುತ್ತಿದ್ದರು. ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಖಾತೆ ಪುಸ್ತಕ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ತೆರೆದೇ ಇರುತ್ತಿತ್ತು. ದೀಪಾವಳಿ ಅಮಾವಾಸ್ಯೆಯ ಲಕ್ಷ್ಮೀಪೂಜೆಗೆ ಹೊಸ ಪುಸ್ತಕ ಬಂದರೆ ಮೊದಲ ಪುಟದಲ್ಲಿ ಅರಿಸಿನ, ಕುಂಕುಮ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ತೀರಿದ ಉದ್ರಿಯ ಮೇಲೆ ಅಡ್ಡಗೆರೆ. ಅಪ್ಪ ಸರಕು ತರಲು ಹೋದ ದಿನ ಅಂಗಡಿಯಲ್ಲಿ ಕೂರುತ್ತಿದ್ದ ಅವ್ವನಿಗೆ ಯಾರ ಬಾಕಿ ಎಷ್ಟು, ಯಾರಿಗೆ ಇನ್ನು ಉದ್ರಿ ಕೊಡಬಾರದು ಎಂಬುದು ಅದೇ ಪುಸ್ತಕದಿಂದ ತಿಳಿಯುತ್ತಿತ್ತು.

ಹಾಗೆಂದು ಹಿಂದಿನ ಕಾಲವೆಲ್ಲ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಮನೆ, ಹೊಲ ಕಳೆದುಕೊಂಡು ನವನಗರಕ್ಕೆ ಬಂದವರ ನಡುವೆ ಬೆಳೆದವನು ನಾನು. ಪರಿಹಾರದ ಹಣ ಖಾತೆದಾರನ ಹೆಸರಿಗೆ ಬರುತ್ತಿತ್ತು, ಖಾತೆದಾರ ಬಹುತೇಕ ಗಂಡಸೇ ಆಗಿರುತ್ತಿದ್ದ. ಎಷ್ಟು ಬಂತು, ಎಲ್ಲಿ ಇಟ್ಟರು, ಯಾವಾಗ ಖರ್ಚಾಯಿತು ಎಂಬುದು ಹಣ ಮುಗಿದ ಮೇಲಷ್ಟೇ ಹೆಂಗಸರಿಗೆ ತಿಳಿದ ಮನೆಗಳ ಕಥೆಯನ್ನು ನಮ್ಮ ಓಣಿಯ ಹಿರಿಯರು ಈಗಲೂ ಹೇಳುತ್ತಾರೆ. ಲೆಕ್ಕ ಮುಚ್ಚಿಡುವುದು ಫೋನು ತಂದ ರೋಗವೇನಲ್ಲ, ಆದರೆ ಫೋನು ಅದನ್ನು ಬಹಳ ಸುಲಭ ಮಾಡಿದೆ.

ನಮ್ಮ ಮನೆಯಲ್ಲಿ ಅತ್ಯಂತ ಪಾರದರ್ಶಕವಾದ ಹಣಕಾಸು ಯಾರದು ಎಂದು ಕೇಳಿದರೆ ನಾನು ಅವ್ವನ ಸ್ವಸಹಾಯ ಸಂಘದ ಕಡೆ ಕೈ ತೋರಿಸುತ್ತೇನೆ. ವಾರದ ಸಭೆ ನಮ್ಮ ಪಡಸಾಲೆಯಲ್ಲಿ ನಡೆದಾಗ ಪಕ್ಕದ ಕೋಣೆಯಲ್ಲಿ ಕುಳಿತು ಕೇಳಿಸಿಕೊಂಡಿದ್ದೇನೆ: ಜಮಖಾನೆಯ ನಡುವೆ ಪಾಸ್‌ಬುಕ್ಕು, ನಡಾವಳಿ ಪುಸ್ತಕ, ಸ್ಟೀಲ್ ಡಬ್ಬಿಯಲ್ಲಿ ನಗದು. ಯಾರು ಉಳಿತಾಯ ಕಟ್ಟಿದರು, ಯಾರ ಸಾಲ ಎಷ್ಟು ಉಳಿಯಿತು ಎಂಬುದನ್ನು ಒಬ್ಬಾಕೆ ಗಟ್ಟಿಯಾಗಿ ಓದುತ್ತಾಳೆ. ಓದಲು ಬಾರದವರೂ ಮೊತ್ತ ತಪ್ಪಿದರೆ ತಟ್ಟನೆ ತಡೆಯುತ್ತಾರೆ, ಏಕೆಂದರೆ ತಮ್ಮ ಲೆಕ್ಕ ಅವರಿಗೆ ಬಾಯಿಪಾಠ. ಅದೇ ಹೊತ್ತಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಸಾವಿರಾರು ಜನರ ಹಣ ವರ್ಗಾವಣೆಯ ತಂತ್ರಾಂಶ ಬರೆಯುವ ಮಗನ ಸಂಬಳ ಎಲ್ಲೆಲ್ಲಿ ಹಂಚಿಹೋಗಿದೆ ಎಂದು ಆ ಜಮಖಾನೆಯ ಮೇಲೆ ಕುಳಿತ ತಾಯಿಗೆ ಗೊತ್ತಿರುವುದಿಲ್ಲ ಎಂದರೆ ಅದಕ್ಕೆ ತಂತ್ರಜ್ಞಾನವನ್ನು ದೂರಿ ಫಲವಿಲ್ಲ.

ಯುಪಿಐ ಬಂದದ್ದು 2016ರಲ್ಲಿ. ಅದು ಫೋನಿನಲ್ಲಿರುವ ಸಿಮ್‌ಗೆ ಕಟ್ಟಿಕೊಂಡು ಕೆಲಸ ಮಾಡುತ್ತದೆ. ಸಿಮ್ ನಿಂತರೆ ಓಟಿಪಿ ನಿಲ್ಲುತ್ತದೆ, ಬ್ಯಾಂಕಿನ ಸಂದೇಶಗಳೂ ನಿಲ್ಲುತ್ತವೆ. ಮನೆಯಲ್ಲಿ ಸಾವಾದಾಗ ಮೊದಲು ರೀಚಾರ್ಜ್ ನಿಲ್ಲುವುದು ತೀರಿಕೊಂಡವರ ನಂಬರಿಗೇ, ಯಾವ ಯಾವ ಖಾತೆ ಇದ್ದವೆಂಬುದರ ಸುಳಿವು ಇದ್ದದ್ದೂ ಆ ನಂಬರಿನಲ್ಲೇ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿಯನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ನಿಧಿಯೊಂದಕ್ಕೆ ವರ್ಗಾಯಿಸುತ್ತವೆ. ವಾರಸುದಾರರು ಆಮೇಲೂ ಕೇಳಿ ಪಡೆಯಬಹುದು, ಹುಡುಕಲೆಂದು 2023ರಲ್ಲಿ ಉದ್ಗಮ್ ಎಂಬ ಪೋರ್ಟಲ್ಲೂ ಬಂದಿದೆ. ಆದರೆ ಹುಡುಕಬೇಕು ಎಂಬುದಾದರೂ ಮನೆಯವರಿಗೆ ಹೊಳೆಯಬೇಕಲ್ಲ? ಭವಿಷ್ಯ ನಿಧಿಯ ಸದಸ್ಯ ಕೆಲಸದಲ್ಲಿರುವಾಗಲೇ ತೀರಿಕೊಂಡರೆ ಇಡಿಎಲ್‌ಐ ಯೋಜನೆಯಡಿ ಕುಟುಂಬಕ್ಕೆ 7 ಲಕ್ಷ ರೂಪಾಯಿವರೆಗೆ ವಿಮೆಯ ಹಣ ಬರುತ್ತದೆ. ಅದರ ಕಂತನ್ನು ನೌಕರನ ಸಂಬಳದಿಂದ ಕಡಿಯುವುದಿಲ್ಲವಾದ್ದರಿಂದ ನಮ್ಮ ಕಡಿತದ ಪಟ್ಟಿಯಲ್ಲಿ ಅದು ಕಾಣಿಸುವುದೇ ಇಲ್ಲ. ನೌಕರನಿಗೇ ತಿಳಿಯದ್ದು ಅವನ ಹೆಂಡತಿಗೆ ತಿಳಿಯುವುದು ಎಲ್ಲಿಂದ ಬಂತು? 2025ರ ನವೆಂಬರ್‌ನಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿ ಮಾಡಲು ಅವಕಾಶವಿದೆ. ಬ್ರಹ್ಮಚಾರಿಯಾಗಿದ್ದಾಗ ತುಂಬಿದ ಅರ್ಜಿಯಲ್ಲಿರುವ ಹೆಸರೇ ಇನ್ನೂ ಮುಂದುವರಿದಿದೆಯೇ ಎಂದು ಪ್ರತಿಯೊಬ್ಬರೂ ಒಮ್ಮೆ ತೆರೆದು ನೋಡುವುದು ಒಳ್ಳೆಯದು.

ಇದನ್ನು ಹೇಳಿದಾಗ ಗೆಳೆಯರು ಎತ್ತುವ ತಕರಾರು ಒಂದೇ: ಸಂಬಳದ ಅಂಕಿ ಹೊರಬಿದ್ದರೆ ಬೀಗರು, ನೆಂಟರು ಕೈಗಡಕ್ಕೆ ಬಾಗಿಲು ಬಡಿಯುತ್ತಾರೆ. ನಮ್ಮ ಕಡೆ ಇದು ಸುಳ್ಳಲ್ಲ. ಕೊಟ್ಟ ಕೈಗಡ ಹಿಂತಿರುಗದೆ ಅಣ್ಣತಮ್ಮಂದಿರ ಮಾತು ನಿಂತ ಮನೆಗಳನ್ನು ಎಲ್ಲರೂ ಕಂಡಿದ್ದೇವೆ. ಆದರೆ ಊರಿಗೆ ಹೇಳುವುದು ಬೇರೆ, ಮನೆಯೊಳಗೆ ಹೇಳುವುದು ಬೇರೆ. ಕೇಳಿದವರಿಗೆ ಇಲ್ಲ ಎನ್ನಲು ಸಂಕೋಚವಾಗುತ್ತದೆಂದು ಹೆಂಡತಿಯಿಂದಲೂ ಲೆಕ್ಕ ಮುಚ್ಚಿಡುವವನು ತನ್ನ ದಾಕ್ಷಿಣ್ಯದ ಭಾರವನ್ನು ಅವಳ ಮೇಲೆ ಹಾಕುತ್ತಿದ್ದಾನೆ. ಸೈಬರ್ ವಂಚನೆಯ ಭಯವೂ ನಿಜವೇ, ಅದಕ್ಕೆಂದೇ ಪಿನ್ ಮತ್ತು ಪಾಸ್‌ವರ್ಡ್ ಯಾರಿಗೂ ಕೊಡಬಾರದು. ಮನೆಯವರಿಗೆ ಬೇಕಾದದ್ದು ಯಾವ ಬ್ಯಾಂಕು, ಯಾವ ಪಾಲಿಸಿ, ಎಷ್ಟು ಸಾಲ, ನಾಮಿನಿ ಯಾರು ಎಂಬ ಪಟ್ಟಿ ಮಾತ್ರ. ಹಣ ಮೋಸಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು ಎಂಬುದೂ ಅದೇ ಪಟ್ಟಿಯ ಮೇಲ್ಭಾಗದಲ್ಲಿರಲಿ.

ನಮ್ಮ ಮನೆಯಲ್ಲಿ ಈಗ ಇನ್ನೂರು ಪುಟದ ನೋಟ್‌ಬುಕ್ ಒಂದಿದೆ. ಸಂಬಳ ಬಂದ ನಂತರದ ಮೊದಲ ಭಾನುವಾರ ರೊಟ್ಟಿ ಊಟ ಮುಗಿಸಿ ಎಲ್ಲರೂ ಕೂರುತ್ತೇವೆ. ಶಾಲೆಯಲ್ಲಿ ಗಣಿತ ಕಲಿಸುವ ನನ್ನ ಹೆಂಡತಿ ಬರೆಯುತ್ತಾಳೆ. ಅವಳ ಸಂಬಳವೂ ಮಗಳ ಸುಕನ್ಯಾ ಸಮೃದ್ಧಿಯ ಕಂತೂ ಅದರಲ್ಲೇ. ಮೊದಲ ಸಲ ತಿಂಗಳು ತಿಂಗಳು ತಾನಾಗಿಯೇ ಹಣ ಕಡಿತವಾಗುವ ನನ್ನ ಬ್ಯಾಂಕಿನ ಆಟೋಪೇ ಪಟ್ಟಿಯ ಒಂದು ಸಾಲಿನ ಮೇಲೆ ಪೆನ್ನು ಇಟ್ಟು, "ರೀ, ಇದನ್ನ ಮನ್ಯಾಗ ಯಾರೂ ನೋಡೂದಿಲ್ಲಲ್ಲ, ಮತ್ತ ತಿಂಗಳಾ ರೊಕ್ಕ ಯಾಕ ಹೊಕ್ಕೈತಿ?" ಎಂದಳು. ಅಪ್ಪ ಆ ಮಾತಿಗೆ ನಕ್ಕರು. ಮರುಕ್ಷಣ ಅವಳು ಅವರ ಟ್ರಂಕಿನಲ್ಲಿರುವ ಠೇವಣಿ ರಸೀದಿಗಳ ಬಗ್ಗೆ ಕೇಳಿದಾಗ ನಗು ನಿಂತಿತು. ಅರ್ಧ ಪರ್ಸೆಂಟ್ ಬಡ್ಡಿ ಹೆಚ್ಚೆಂದು ಒಂದು ಸೌಹಾರ್ದ ಪತ್ತಿನ ಸಂಘದಲ್ಲಿ ಅವರು ಇಟ್ಟ ಹಣ ಹೀಗೆ ಬೆಳಕಿಗೆ ಬಂತು. ಸಹಕಾರಿ ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ, ಪತ್ತಿನ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ ಎಂದು ತಿಳಿಸಿದ ಮೇಲೆ, ಮುದ್ದತ್ತು ಮುಗಿದಾಗ ಅದನ್ನು ಬ್ಯಾಂಕಿಗೆ ಸಾಗಿಸಲು ಅಪ್ಪ ಒಪ್ಪಿದ್ದಾರೆ.

ಒಪ್ಪದಿರುವುದು ನನ್ನ ಕಂಪನಿ ಕೊಟ್ಟ ಷೇರುಗಳ ವಿಷಯಕ್ಕೆ ಮಾತ್ರ. ನಾಲ್ಕು ವರ್ಷದಲ್ಲಿ ಹಂತಹಂತವಾಗಿ ಅವನ್ನು ಕೊಳ್ಳುವ ಹಕ್ಕು ನನ್ನದಾಗುತ್ತದೆ, ಕಂಪನಿ ಇನ್ನೂ ಷೇರುಪೇಟೆಗೆ ಬಂದಿಲ್ಲವಾದ್ದರಿಂದ ಸದ್ಯಕ್ಕೆ ಮಾರಲು ದಾರಿ ಇಲ್ಲ, ಆದರೂ ಅವನ್ನು ಹಣ ಕೊಟ್ಟು ನನ್ನ ಹೆಸರಿಗೆ ಮಾಡಿಕೊಳ್ಳುವ ದಿನವೇ ತೆರಿಗೆ ಬೀಳುತ್ತದೆ ಎಂದು ಆದಷ್ಟು ಸರಳವಾಗಿ ವಿವರಿಸಿ, ಆ ಮೊತ್ತವನ್ನು ಜಮಾ ಕಡೆ ಬರೆಯಲು ಹೇಳಿದೆ. ಅಪ್ಪ ನನ್ನ ಹೆಂಡತಿಯ ಕೈಯಿಂದ ಪೆನ್ನು ತೆಗೆದುಕೊಂಡು ಆ ಸಾಲನ್ನು ಹೊಡೆದು ಹಾಕಿದರು. "ಮಾರಾಕ ಬರೂದಿಲ್ಲ, ಮ್ಯಾಲೆ ಟ್ಯಾಕ್ಸ್ ಬ್ಯಾರೆ. ಇದು ಜಮಾ ಅಲ್ಲ ತಮ್ಮಾ, ಉದ್ರಿ. ಹಿಂದಿನ ಪುಟದಾಗ ಬರಿ" ಎಂದರು. ಈಗ ಅದು ಹಿಂದಿನ ಪುಟದಲ್ಲೇ ಇದೆ.