ರೆಪ್ಪೆ ಇಲ್ಲದ ಕಾರು

ಕನ್ನಡ ಕೂಟದ ಯುಗಾದಿಯ ಊಟ ಮುಗಿಸಿ ಹೊರಗೆ ಬಂದಾಗ, ಇತ್ತೀಚೆಗೆ ಓಹಾಯೋ ರಾಜ್ಯದ ನಮ್ಮ ಕೊಲಂಬಸ್ ನಗರಕ್ಕೆ ಬಂದು ನೆಲೆಸಿರುವ ತರುಣರೊಬ್ಬರು ಮಾಜ್ದಾ ಮಿಯಾಟಾ ಎಂಬ ನನ್ನ ಹಳೆಯ, ಟಾಪು ಮಡಚುವ ಪುಟ್ಟ ಕಾರನ್ನು ಒಂದು ಸುತ್ತು ಹಾಕಿ ನೋಡಿ, "ಸಾರ್, ಇದನ್ನ ಕೊಟ್ಟು ಹೊಸದು ತಗೊಳ್ಳಿ, ಅದೂ ಇದೇ ಕಾರು ತಾನೇ" ಎಂದರು. ಒಬ್ಬಟ್ಟಿಗೆ ತುಪ್ಪ ಧಾರಾಳವಾಗಿ ಬಿದ್ದಿತ್ತಾದ್ದರಿಂದ ನಾನು ನಕ್ಕು ಸುಮ್ಮನಾದೆ. ಒಬ್ಬಟ್ಟು ಕರಗಿದ ಮೇಲೆ ಸಿಟ್ಟು ಬಂತು.

ಅದು ಇದೇ ಕಾರಲ್ಲ. 1989ರ ಫೆಬ್ರವರಿಯಲ್ಲಿ ಷಿಕಾಗೋ ಕಾರು ಪ್ರದರ್ಶನದಲ್ಲಿ ಕಾಣಿಸಿಕೊಂಡ ಮೊದಲ ತಲೆಮಾರಿನ ಮಿಯಾಟಾಕ್ಕೆ, ಹಗಲೆಲ್ಲ ಬಾನೆಟ್ಟಿನೊಳಗೆ ಅಡಗಿ ಮಲಗಿದ್ದು ಕತ್ತಲಾದೊಡನೆ ಎದ್ದು ನಿಲ್ಲುವ ಎರಡು ಹೆಡ್‌ಲೈಟುಗಳಿದ್ದವು. 1997ರ ಟೋಕಿಯೋ ಪ್ರದರ್ಶನಕ್ಕೆ ಎರಡನೆಯ ತಲೆಮಾರು ಬಂದಾಗ ಆ ದೀಪಗಳು ಹೋಗಿ, ಸದಾ ತೆರೆದೇ ಇರುವ ಸ್ಥಿರ ದೀಪಗಳು ಬಂದಿದ್ದವು. ಹೊಸದರಲ್ಲಿ ಒಳ್ಳೆಯದೇ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ನನ್ನ ಕಾರಿನ ಹಿಂಬದಿಯ ಕಿಟಕಿ ಪ್ಲಾಸ್ಟಿಕ್ಕಿನದು, ಮಂಜಾಗಿ ಹಳದಿ ತಿರುಗಿದೆ. ಹೊಸದಕ್ಕೆ ಗಾಜು ಬಂತು. ಮೊದಲ ವರ್ಷಗಳಲ್ಲಿ 1.6 ಲೀಟರಿನ ಎಂಜಿನ್ನು ಕೊಡುತ್ತಿದ್ದದ್ದು 116 ಅಶ್ವಶಕ್ತಿಯಾದರೆ, ಅಮೆರಿಕದಲ್ಲಿ 1999ರ ಮಾದರಿಯೆಂದು ಮಾರಾಟವಾದ ಕಾರಿನ 1.8 ಲೀಟರಿನ ಎಂಜಿನ್ನು 140 ಕೊಟ್ಟಿತು. ಇವೆಲ್ಲವನ್ನೂ ಒಪ್ಪುತ್ತೇನೆ, ಮತ್ತು ಒಪ್ಪಿದ ಮೇಲೂ ನನಗೆ ಸಮಾಧಾನವಾಗುವುದಿಲ್ಲ.

ದೀಪಗಳನ್ನು ತೆಗೆದದ್ದಕ್ಕೆ ಕಾರಣಗಳಿದ್ದವು. ಡಿಕ್ಕಿ ಹೊಡೆದಾಗ ಪಾದಚಾರಿಗೆ ಚಾಚಿಕೊಂಡ ದೀಪದಿಂದ ಹೆಚ್ಚು ಪೆಟ್ಟಾಗಬಾರದು ಎಂಬ ಕಾಳಜಿ ಒಂದು. ದೀಪ ಎತ್ತುವ ಎರಡು ಮೋಟಾರುಗಳ ಭಾರವನ್ನು ಕಾರಿನ ಮೂತಿಯಲ್ಲಿ ಹೊರಬೇಕಲ್ಲ ಎಂಬ ಲೆಕ್ಕ ಇನ್ನೊಂದು. ತಮಾಷೆಯೆಂದರೆ, ಇಂಥ ಅಡಗುವ ದೀಪಗಳು ಅಷ್ಟೊಂದು ಹರಡಿದ್ದಕ್ಕೂ ನಿಯಮಗಳೇ ಕಾರಣವಾಗಿದ್ದವು. 1940ರಿಂದ ಅಮೆರಿಕದಲ್ಲಿ ಎಲ್ಲ ಕಾರುಗಳಿಗೂ ಒಂದೇ ಅಚ್ಚಿನ ದುಂಡು ದೀಪಗಳಿರಬೇಕಿತ್ತು, ಮುಂದೆ ಅವು ನೆಲದಿಂದ ಇಂತಿಷ್ಟು ಎತ್ತರದಲ್ಲಿರಬೇಕೆಂಬ ಕಟ್ಟಳೆಯೂ ಸೇರಿತು. ಮೂತಿ ತಗ್ಗಿಸಿ ಗಾಳಿಯನ್ನು ಸೀಳಬೇಕೆಂದುಕೊಂಡವರಿಗೆ ದೀಪವನ್ನು ಮುಚ್ಚಿಟ್ಟು ಬೇಕಾದಾಗ ಎತ್ತುವುದೇ ಸುಲಭದ ದಾರಿಯಾಯಿತು. ಅದಕ್ಕೂ ಮೊದಲೇ, 1935ರಲ್ಲಿ, ಕಾರ್ಡ್ 810 ಎಂಬ ಕಾರಿನಲ್ಲಿ ಚಾಲಕನು ಡ್ಯಾಷ್‌ಬೋರ್ಡಿನ ಎರಡು ಕೊನೆಗಳಲ್ಲಿದ್ದ ಹಿಡಿಕೆಗಳನ್ನು ಒಂದೊಂದಾಗಿ ತಿರುಗಿಸಿ ಕಾರಿನ ಕಣ್ಣು ತೆರೆಸಬೇಕಾಗಿತ್ತು. 1983ರಲ್ಲಿ ಅಮೆರಿಕದ ದೀಪದ ನಿಯಮ ಸಡಿಲವಾಗಿ, ಒಂದೇ ಅಚ್ಚಿನ ದೀಪದ ಕಟ್ಟು ತಪ್ಪಿತು. 2004ರ ಹೊತ್ತಿಗೆ ಕಾರ್ವೆಟ್ ಮತ್ತು ಲೋಟಸ್ ಎಸ್ಪ್ರೀ ಎಂಬ ಸ್ಪೋರ್ಟ್ಸ್ ಕಾರುಗಳು ಕೂಡ ಅಡಗುವ ದೀಪಗಳನ್ನು ಬಿಟ್ಟವು.

ಹಾಗಾದರೆ ಆ ದೀಪಗಳು ಹೋದದ್ದರಿಂದ ನಿಜವಾಗಿ ಕಳೆದದ್ದೇನು? ಅದನ್ನು ಹೇಳುವುದಕ್ಕೆ ಮುನ್ನ ನಮ್ಮ ಅಮ್ಮ ಮಾಡಿದ ಆಯುಧಪೂಜೆಯ ಸಂಗತಿಯನ್ನು ಹೇಳಬೇಕು.

ಅಮ್ಮ ದಾವಣಗೆರೆಯಿಂದ ಬಂದು ನಮ್ಮೊಡನಿದ್ದ ವರ್ಷ ಆಯುಧಪೂಜೆ ಅಕ್ಟೋಬರಿನಲ್ಲಿ ಬಂದಿತ್ತು. ಓಹಾಯೋದಲ್ಲಿ ಆ ತಿಂಗಳು ಅಂಗಡಿಗಳ ಮುಂದೆ ಸೇವಂತಿಗೆಯ ಕುಂಡಗಳೂ ಕಿತ್ತಳೆ ಬಣ್ಣದ ಕುಂಬಳಕಾಯಿಗಳೂ ರಾಶಿ ಬಿದ್ದಿರುತ್ತವೆ. ಅವು ಹ್ಯಾಲೋವೀನ್ ಹಬ್ಬಕ್ಕಾಗಿ ಬಂದವು ಎಂದು ಎಷ್ಟು ಹೇಳಿದರೂ ಅಮ್ಮ ಒಪ್ಪಲಿಲ್ಲ. ಈ ದೇಶದವರಿಗೂ ಆಯುಧಪೂಜೆಯ ಹದ ಗೊತ್ತಿದೆಯೆಂದು ಸಂತೋಷಪಟ್ಟರು. ಬೂದುಗುಂಬಳ ಸಿಗಲಿಲ್ಲವೆಂಬ ಕೊರತೆಯೊಂದಿತ್ತು. ಕಾರು ತೊಳೆದೆ, ಹಾರ ಹಾಕಿದೆ, ಚಕ್ರಗಳ ಕೆಳಗೆ ನಿಂಬೆಹಣ್ಣುಗಳನ್ನಿಟ್ಟೆ. ಅಮ್ಮ ಕುಂಕುಮದ ಬಟ್ಟಲು ಹಿಡಿದು ಮುಂದೆ ಬಂದವರು ನಿಂತುಬಿಟ್ಟರು.

"ಇದು ಮಲಗಿದೆಯಲ್ಲೋ. ಮಲಗಿದ್ದಕ್ಕೆ ಯಾರಾದರೂ ಮಂಗಳಾರತಿ ಎತ್ತುತ್ತಾರಾ?"

ದೀಪ ಹತ್ತಿಸದೆ ರೆಪ್ಪೆಗಳನ್ನಷ್ಟೇ ಎತ್ತುವುದಕ್ಕೆ ಈ ಕಾರಿನಲ್ಲಿ ಒಂದು ಪ್ರತ್ಯೇಕ ಗುಂಡಿಯಿದೆ. ಅದನ್ನು ಒತ್ತಿದೆ. ಬಲಗಣ್ಣು ಕೂಡಲೇ ಎದ್ದಿತು. ಮೋಟಾರು ಹಳೆಯದಾಗಿದ್ದ ಎಡಗಣ್ಣು ಸ್ವಲ್ಪ ತಡೆದು ಎದ್ದಿತು. ಅಮ್ಮನಿಗೆ ಕಾರು ಕಣ್ಣು ಹೊಡೆದಂತೆ ಕಂಡಿರಬೇಕು, ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಇನ್ನೊಮ್ಮೆ ಮಾಡು ಎಂದರು. ಪಕ್ಕದ ಮನೆಯ ಅಜ್ಜನ ಇಬ್ಬರು ಮೊಮ್ಮಕ್ಕಳೂ ಬೇಲಿಯ ಆಚೆಯಿಂದ ಅದನ್ನೇ ಕೇಳಿದರು. ಒತ್ತಿ ಒತ್ತಿ ಬ್ಯಾಟರಿಯ ಚಿಂತೆ ಹತ್ತುವ ಹೊತ್ತಿಗೆ ಅಮ್ಮ ಆ ಮಕ್ಕಳನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು, ನನ್ನನ್ನು ದುಭಾಷಿಯಾಗಿ ನಿಲ್ಲಿಸಿಕೊಂಡು, ದಮಯಂತಿಯ ಸ್ವಯಂವರದ ಕಥೆ ಆರಂಭಿಸಿದ್ದರು. ಇಂದ್ರ, ಅಗ್ನಿ, ವರುಣ, ಯಮ, ನಾಲ್ವರೂ ನಳನ ವೇಷದಲ್ಲೇ ಸಾಲಾಗಿ ಕುಳಿತಿದ್ದಾರೆ. ಹಾರ ಹಿಡಿದ ಹುಡುಗಿ ತನ್ನ ನಳನನ್ನು ಗುರುತಿಸುವುದು ಹೇಗೆ? ದೇವರ ಕಣ್ಣು ಮಿಟುಕುವುದಿಲ್ಲ, ಮೈ ಬೆವರುವುದಿಲ್ಲ, ಕೊರಳಿನ ಹೂ ಬಾಡುವುದಿಲ್ಲ, ಪಾದ ನೆಲಕ್ಕೆ ತಾಗುವುದಿಲ್ಲ. ರೆಪ್ಪೆ ಬಡಿದು, ಬೆವರಿ, ಬಾಡಿದ ಹೂವಿನೊಡನೆ ನೆಲದ ಮೇಲಿದ್ದವನ ಕೊರಳಿಗೆ ದಮಯಂತಿ ಹಾರ ಹಾಕಿದಳು.

ಚಿಕ್ಕ ಹುಡುಗ ಯೋಚಿಸಿ, ಹಾಗಾದರೆ ನಮ್ಮ ತಾತನ ಟ್ರಕ್ಕು ದೇವರೇ, ಅದು ಕಣ್ಣು ಮುಚ್ಚುವುದೇ ಇಲ್ಲವಲ್ಲ ಎಂದು ಕೇಳಿದ. ನಾನು ಅನುವಾದಿಸಿದೆ. ಅಮ್ಮ ಬೇಲಿಯ ಹತ್ತಿರ ಹೋಗಿ, ಬಗ್ಗಿ ಟ್ರಕ್ಕಿನ ಚಕ್ರಗಳನ್ನು ನೋಡಿ, "ನೆಲ ಮುಟ್ಟಿದೆ, ದೇವರಲ್ಲ" ಎಂದು ತೀರ್ಪು ಕೊಟ್ಟರು. ಆಮೇಲೆ ನನ್ನ ಕಾರಿನ ಕೆಳಗೆ ಎಂದಿನಂತೆ ಸೋರಿ ನಿಂತಿದ್ದ ಎಣ್ಣೆಯ ಹನಿಗಳನ್ನು ತೋರಿಸಿ, "ಇದು ಬೆವರುತ್ತೆ ಕೂಡ" ಎಂದರು. ಪಕ್ಕದ ಮನೆಯ ಅಜ್ಜ ತಮ್ಮ ಟ್ರಕ್ಕಿಗೂ ಕುಂಕುಮ ಬೇಕೆಂದು ಹಟ ಹಿಡಿದರು. ಮತ್ತೆ ನಿಂಬೆಹಣ್ಣು ಹುಡುಕಬೇಕಾಯಿತು. ಮನೆಯಲ್ಲಿ ಮಾಡಿದ್ದ ಚಿತ್ರಾನ್ನಕ್ಕೆ ಹುಳಿ ಕಡಿಮೆಯಾದದ್ದು ಈ ಟ್ರಕ್ಕಿನಿಂದ. ರೆಪ್ಪೆಯ ಮೇಲೆ ಅಮ್ಮ ಹಚ್ಚಿದ ಕುಂಕುಮ ಬಾನೆಟ್ಟಿನ ಸಂದಿನಲ್ಲಿ ಇಳಿದು ಕೂತಿದ್ದು, ಎಷ್ಟು ತೊಳೆದರೂ ಪೂರ್ತಿ ಹೋಗಿಲ್ಲ.

ಮುಂದೆ ಎರಡನೆಯ ತಲೆಮಾರಿನ ಕಾರೊಂದು ನಮ್ಮ ಬೀದಿಯಲ್ಲಿ ನಿಂತಿದ್ದಾಗ ಅಮ್ಮನನ್ನು ಕರೆದೊಯ್ದು ತೋರಿಸಿದೆ. ಬಣ್ಣ ಚೆನ್ನಾಗಿದೆ ಎಂದರು. ಅಷ್ಟೇ.

ನಾನು ಅಷ್ಟಕ್ಕೆ ನಿಲ್ಲಿಸಲಾರೆ. 2014ರಲ್ಲಿ ತೋರಿಸಿದ ನಾಲ್ಕನೆಯ ತಲೆಮಾರನ್ನು ಓಡಿಸಿ ನೋಡಿದ್ದೇನೆ. ಸುರಕ್ಷತೆಯ ಸಾಮಗ್ರಿಗಳನ್ನೆಲ್ಲ ತುಂಬಿಕೊಂಡೂ ಅದರ ತೂಕ ಒಂದು ಟನ್ನಿನ ಆಸುಪಾಸಿನಲ್ಲೇ ಇದೆ, ತಿರುವುಗಳಲ್ಲಿ ನನ್ನ ಮುದಿ ಕಾರನ್ನು ನಾಚಿಸುತ್ತದೆ. ಆದರೆ ಅದರ ಮುಖ ನೋಡಿ! ಕಣ್ಣು ಕಿರಿದು ಮಾಡಿ, ಎದುರು ಬಂದವನೇ ತಪ್ಪಿತಸ್ಥನೆಂಬಂತೆ ದುರುಗುಟ್ಟುತ್ತದೆ. ಅದೊಂದರ ಮೇಲೆಯೇ ನನಗೆ ದೂರಿಲ್ಲ, ಈಗ ಹಾಲು ತರಲು ಹೋಗುವ ಕಾರಿಗೂ ಯುದ್ಧಕ್ಕೆ ಹೊರಟವನ ಹುಬ್ಬು. ರಾತ್ರಿ ಹೆದ್ದಾರಿಯಲ್ಲಿ ಎತ್ತರದ ಎಸ್‌ಯುವಿಯೊಂದು ತನ್ನ ಎಲ್‌ಇಡಿ ದೀಪಗಳನ್ನು ನನ್ನ ಕನ್ನಡಿಯೊಳಗೆ ಸುರಿಯುತ್ತ ಹಿಂದೆಯೇ ಬಂದಾಗ, ಪಾದಚಾರಿಯ ಸುರಕ್ಷತೆಗೆಂದು ನನ್ನ ಕಾರಿನ ವಂಶದ ರೆಪ್ಪೆ ಕಿತ್ತ ಲೋಕವು ಆಳೆತ್ತರದ ಬಾನೆಟ್ಟಿನ ಈ ಲಾರಿಗಾತ್ರದ ವಾಹನಗಳನ್ನು ಹೇಗೆ ರಸ್ತೆಗೆ ಬಿಟ್ಟಿತೆಂದು ಗಟ್ಟಿಯಾಗಿಯೇ ಕೇಳುತ್ತೇನೆ. ಪಕ್ಕದಲ್ಲಿ ಕುಳಿತ ನನ್ನ ಹೆಂಡತಿ ರೇಡಿಯೋದ ಧ್ವನಿ ಏರಿಸುತ್ತಾಳೆ.

ಕಳೆದದ್ದೇನು ಎಂಬ ಪ್ರಶ್ನೆಗೆ ಉತ್ತರ ಕೊಡುವೆನೆಂದು ಮೇಲೆ ಮಾತು ಕೊಟ್ಟಿದ್ದೆ. ಅದಕ್ಕೆ ಈಗ ವ್ಯವಧಾನವಿಲ್ಲ, ಏಕೆಂದರೆ ಎಡಗಣ್ಣಿನ ಮೋಟಾರು ಈ ವಾರ ಪೂರ್ತಿಯಾಗಿ ನಿಂತುಹೋಗಿದೆ. ಬಾನೆಟ್ಟು ತೆರೆದು ರಬ್ಬರಿನ ಟೋಪಿ ಕಳಚಿ, ಒಳಗಿನ ಗುಬಟನ್ನು ಬೆರಳಿನಿಂದ ತಿರುಗಿಸುತ್ತ ಹೋದರೆ ಕಣ್ಣು ನಿಧಾನವಾಗಿ ಮೇಲೇಳುತ್ತದೆ, 1935ರ ಕಾರ್ಡ್ ಚಾಲಕನಾದರೋ ಈ ಕೆಲಸವನ್ನು ಕುಳಿತಲ್ಲಿಯೇ ಮಾಡುತ್ತಿದ್ದ. ಗುಜರಿಯವರು ಹಳೆಯ ಮೋಟಾರೊಂದಕ್ಕೆ ಹೇಳುತ್ತಿರುವ ಬೆಲೆಯನ್ನು ಮನೆಯಲ್ಲಿ ಇನ್ನೂ ತಿಳಿಸಿಲ್ಲ.